ಓಟಕ್ಕೆ ಇನ್ನು ಏಳೇ ದಿನ

ಮುಂಜಾನೆ ಐದರ ಹೊತ್ತಿಗೆ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯ ಬದಿಯನ್ನು ಗಮನಿಸಿದ್ದೀರಾ? ಇನ್ನೂ ಕತ್ತಲೆ ಇರುವಾಗಲೇ ಹುಡುಗರು ಇಬ್ಬಿಬ್ಬರಾಗಿ ಓಡುತ್ತಿರುತ್ತಾರೆ. ಈಗ ಹುಡುಗಿಯರೂ ಓಡುತ್ತಾರೆ. ಹೆಚ್ಚಿನವರು ರೈತರ ಮಕ್ಕಳೇ. ಕೆಲವರ ಕಣ್ಣು ಪೊಲೀಸ್ ಭರತಿಯ ಮೇಲೆ, ಕೆಲವರದು ಸೈನ್ಯದ ಮೇಲೆ. ಇನ್ನು ಕೆಲವರು ಮ್ಯಾರಥಾನ್ ಹೆಸರಿನಲ್ಲಿ ನಡೆಯುವ ಮೂರು ಅಥವಾ ಐದು ಕಿಲೋಮೀಟರಿನ ಓಟಕ್ಕೆ ಮೊದಲ ಸಲ ಹೆಸರು ಕೊಟ್ಟವರು.

ಮಹಾರಾಷ್ಟ್ರದ ಪೊಲೀಸ್ ಭರತಿಯಲ್ಲಿ ಗಂಡುಮಕ್ಕಳು 1600 ಮೀಟರ್, ಹೆಣ್ಣುಮಕ್ಕಳು 800 ಮೀಟರ್ ಓಡಬೇಕು. ಶರೀರ ಪರೀಕ್ಷೆಯ 50 ಅಂಕಗಳಲ್ಲಿ 20 ಅಂಕ ಈ ಒಂದು ಓಟಕ್ಕೇ. ಕೆಲವೇ ನಿಮಿಷದಲ್ಲಿ ಮುಗಿಯುವ ಓಟ; ಆದರೆ ಅದರ ಮೇಲೆ ಇಡೀ ಮನೆಯ ಆಸೆ ನಿಂತಿರುತ್ತದೆ. ಹೀಗಾಗಿ ಕೊನೆಯ ವಾರದಲ್ಲಿ ಗಾಬರಿ ಹುಟ್ಟಿ, ತಿಂಗಳುಗಟ್ಟಲೆ ಪಟ್ಟ ಶ್ರಮವನ್ನು ನಮ್ಮ ಮಕ್ಕಳು ತಾವೇ ಕೆಡಿಸಿಕೊಳ್ಳುತ್ತಾರೆ. ಆ ಏಳು ದಿನ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಸಲ ನೋಡೋಣ.

ಹಿಂಗಾರಿ ಜೋಳದ ಪಾಠ

ನಮ್ಮ ಹಿಂಗಾರಿ ಜೋಳ ಹೇಗೆ ಬೆಳೆಯುತ್ತದೆ ಎಂಬುದು ನಿಮಗೆ ಗೊತ್ತು. ಮಳೆಗಾಲದ ಕೊನೆಗೆ ಎರೆ ಭೂಮಿ ಕುಡಿದಿಟ್ಟ ಹಸಿಯ ಮೇಲೆಯೇ ಅದು ತೆನೆ ಹಿಡಿಯುತ್ತದೆ. ತೆನೆ ಬಂದ ಮೇಲೆ ಹೊಲವನ್ನು ಉತ್ತರೆ ಲಾಭವಿಲ್ಲ. ಶರೀರವೂ ಹಾಗೆಯೇ. ಹಿಂದಿನ ತಿಂಗಳುಗಳಲ್ಲಿ ಓಡಿದ್ದು ಒಳಗೆ ಕೂಡಿಟ್ಟ ಹಸಿ ಇದ್ದ ಹಾಗೆ. ಈ ವಾರ ಬಿರುಸಾಗಿ ಓಡಿದರೆ ಅದರ ಫಲ ಸಿಗುವುದಕ್ಕೆ ಹತ್ತು ಹದಿನೈದು ದಿನ ಬೇಕು. ದಣಿವು ಮಾತ್ರ ಇಂದೇ ಬರುತ್ತದೆ. ಕಾರಹುಣ್ಣಿಮೆಗೆ ಎತ್ತು ಓಡಿಸುವ ರೈತ ಹಿಂದಿನ ದಿನ ಅದನ್ನು ನೇಗಿಲಿಗೆ ಹೂಡುವುದಿಲ್ಲ. ಎತ್ತಿಗೆ ತೋರುವ ಈ ಕನಿಕರವನ್ನು ಮಗನಿಗೂ ಮಗಳಿಗೂ ತೋರಬೇಕು.

ಕೊನೆಯ ವಾರದ ಕ್ರಮ ಹೀಗಿರಲಿ:

1. ಏಳನೆಯ ದಿನ ಮೊದಲೇ ಕೊನೆಯ ಬಿರುಸಿನ ಓಟ ಮುಗಿಸಿ.
2. ಐದು ದಿನ ಇರುವಾಗ, ದಿನವೂ ಓಡುವುದರ ಅರ್ಧದಷ್ಟು ದೂರವನ್ನು ಮಾತಾಡುತ್ತ ಓಡುವಷ್ಟು ನಿಧಾನವಾಗಿ ಓಡಿ.
3. ಮೂರು ದಿನ ಇರುವಾಗ ಹದಿನೈದು ನಿಮಿಷ ನಿಧಾನ ಓಟ; ಕೊನೆಗೆ ನೂರು ಮೀಟರಿನಂತೆ ನಾಲ್ಕು ಸಲ ಸ್ವಲ್ಪ ಚುರುಕಾಗಿ. ಪೂರ್ಣ ಬಲ ಹಾಕಬಾರದು.
4. ಎರಡು ದಿನ ಇರುವಾಗ ಪೂರ್ಣ ವಿಶ್ರಾಂತಿ.
5. ಹಿಂದಿನ ದಿನ ಹತ್ತು ನಿಮಿಷ ನಡಿಗೆ ಅಥವಾ ಹಗುರ ಓಟ, ಅಷ್ಟೇ.

ಹೊಲದ ಕೆಲಸ

ವಿಶ್ರಾಂತಿ ಎಂದು ಓಟ ಬಿಟ್ಟು ದಿನವಿಡೀ ಜೋಳ ಕಿತ್ತರೆ ಅದು ವಿಶ್ರಾಂತಿ ಅಲ್ಲ. ಜೋಳ ಕೀಳುವುದು, ಕಬ್ಬು ಹೊರುವುದು, ಚೀಲ ಎತ್ತುವುದು, ಇವು ಸೊಂಟವನ್ನೂ ತೊಡೆಯನ್ನೂ ಬಿಗಿ ಮಾಡುತ್ತವೆ. ಕೊನೆಯ ಮೂರು ದಿನ ಈ ಕೆಲಸವನ್ನು ಮನೆಯ ಬೇರೆಯವರು ಹಂಚಿಕೊಳ್ಳಲಿ. ದನಕ್ಕೆ ಮೇವು ಹಾಕುವಂಥ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ.

ದ್ರಾಕ್ಷಿಗೆ, ದಾಳಿಂಬೆಗೆ ಔಷಧ ಹೊಡೆಯುವ ಕೆಲಸವನ್ನಂತೂ ಆ ವಾರ ಓಡುವವರಿಗೆ ಕೊಡಲೇಬೇಡಿ. ಕೆಲವು ಕೀಟನಾಶಕಗಳು ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗಿ ಎದೆ ಬಿಗಿಯುವಂತೆ, ಸ್ನಾಯು ಸೋಲುವಂತೆ ಮಾಡುತ್ತವೆ. ಅಂಥ ಶರೀರದಿಂದ ಓಡುವುದು ಅಪಾಯ.

ಊಟ ಮತ್ತು ನೀರು

ಸಣ್ಣ ಓಟಕ್ಕೆ ವಿಶೇಷ ಊಟ ಬೇಕಾಗಿಲ್ಲ. ನಮ್ಮ ರೊಟ್ಟಿ, ಅನ್ನ, ಬೇಳೆ, ಪಲ್ಯ ಸಾಕು. ಶಕ್ತಿ ಬರಲೆಂದು ಹಿಂದಿನ ರಾತ್ರಿ ಹೊಟ್ಟೆ ಬಿರಿಯ ತಿನ್ನಿಸಬೇಡಿ. ಶೇಂಗಾ ಚಟ್ನಿ ನಮ್ಮ ಸೊಲ್ಲಾಪುರದ ಹೆಮ್ಮೆಯೇ ಸರಿ. ಆದರೆ ಎಣ್ಣೆ, ಖಾರ, ಕಾಳಿನ ಉಸಳಿ ನಿಧಾನವಾಗಿ ಕರಗುತ್ತವೆ, ಓಡುವಾಗ ಹೊಟ್ಟೆ ಕಾಡುತ್ತದೆ. ಆ ರಾತ್ರಿ ಬೇಗ ಊಟ ಮಾಡಿ; ಅನ್ನ, ತಿಳಿ ಬೇಳೆ ಒಳ್ಳೆಯದು.

ಓಟದ ದಿನ ಎರಡು ತಾಸು ಮೊದಲು ಸ್ವಲ್ಪ ಉಪ್ಪಿಟ್ಟು, ಅವಲಕ್ಕಿ ಅಥವಾ ಒಂದೆರಡು ಬಾಳೆಹಣ್ಣು ತಿನ್ನಿ. ಒಂದೆರಡು ಲೋಟ ನೀರು ಆಗಲೇ ಕುಡಿದಿರಲಿ. ಬರೀ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಆಮೇಲೆ ಓಡಿದರೆ ತಲೆ ಸುತ್ತುತ್ತದೆ. ಸರದಿ ಬರುವುದು ತಡವಾಗಬಹುದು. ಹಣ್ಣು, ನೀರು, ತಲೆಗೆ ಬಟ್ಟೆ ಜೊತೆಗಿರಲಿ. ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಒಯ್ದರೆ ಪೇಟೆಯ ಬಾಟಲಿ ಬೇಕಿಲ್ಲ.

ಹೊಸ ಬೂಟು ಬೇಡ

ಪ್ರೀತಿಯಿಂದ ತಂದೆ ಹಿಂದಿನ ದಿನ ಹೊಸ ಬೂಟು ಕೊಡಿಸುತ್ತಾರೆ. ಎರಡನೆಯ ಸುತ್ತಿಗೇ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಯಾವುದರಲ್ಲಿ ಅಭ್ಯಾಸ ಮಾಡಿದ್ದೀರೋ ಅದರಲ್ಲೇ ಓಡಿ. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿ. ಪ್ರವೇಶ ಪತ್ರ, ಗುರುತಿನ ಚೀಟಿ, ಬಟ್ಟೆ ಎಲ್ಲವನ್ನೂ ಸಂಜೆಯೇ ಒಂದು ಚೀಲದಲ್ಲಿ ಇಡಿ. ಆ ರಾತ್ರಿ ನಿದ್ದೆ ಬರದಿದ್ದರೆ ಹೆದರಬೇಡಿ. ಅದರ ಹಿಂದಿನ ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿದ್ದರೆ ಸಾಕು.

ಮೊದಲ ಸುತ್ತಿನ ಮೋಸ

ಸೀಟಿ ಊದಿದೊಡನೆ ಎಲ್ಲರೂ ನುಗ್ಗುತ್ತಾರೆ. ಅವರ ಬೆನ್ನು ಹತ್ತಬೇಡಿ. 400 ಮೀಟರಿನ ಮೈದಾನದಲ್ಲಿ 1600 ಮೀಟರ್ ಎಂದರೆ ನಾಲ್ಕು ಸುತ್ತು. ಆರು ನಿಮಿಷದಲ್ಲಿ ಮುಗಿಸುವ ಅಭ್ಯಾಸವಿದ್ದರೆ ಸುತ್ತಿಗೆ 90 ಸೆಕೆಂಡು. ಮೊದಲ ಸುತ್ತನ್ನು 75 ಸೆಕೆಂಡಿನಲ್ಲಿ ಓಡಿದವನು 15 ಸೆಕೆಂಡು ಗಳಿಸಿದೆನೆಂದು ತಿಳಿಯುತ್ತಾನೆ. ಕೊನೆಯ ಎರಡು ಸುತ್ತಿನಲ್ಲಿ ಅದರ ಎರಡರಷ್ಟು ಕಳೆದುಕೊಳ್ಳಬಹುದು. ಮೊದಲೆರಡು ಸುತ್ತು ಹಿಡಿತದಲ್ಲಿರಲಿ, ಮೂರನೆಯದರಲ್ಲಿ ಗಟ್ಟಿಯಾಗಿ ನಿಲ್ಲಿ, ಉಳಿದದ್ದೆಲ್ಲ ನಾಲ್ಕನೆಯದಕ್ಕೆ.

ಜೀವಕ್ಕಿಂತ ಓಟ ದೊಡ್ಡದಲ್ಲ

2024ರಲ್ಲಿ ಜಾರ್ಖಂಡದಲ್ಲಿ ಅಬಕಾರಿ ಪೇದೆಗಳ ಭರತಿಗೆ 10 ಕಿಲೋಮೀಟರ್ ಓಟ ಇಟ್ಟಿದ್ದರು. ಹತ್ತಕ್ಕೂ ಹೆಚ್ಚು ಯುವಕರು ಪ್ರಾಣ ಬಿಟ್ಟರು. ಅವರೂ ನಮ್ಮ ಮಕ್ಕಳಂತೆ ಕೆಲಸದ ಆಸೆಯಿಂದ ಬಂದವರೇ. ಆದ್ದರಿಂದ ಈ ಮಾತುಗಳನ್ನು ಮನೆಯವರೆಲ್ಲ ಓದಬೇಕು.

ಜ್ವರ ಇದ್ದರೆ ಓಡಬಾರದು. ಕೆಲವು ಜ್ವರಗಳಲ್ಲಿ ಹೃದಯದ ಸ್ನಾಯುವೂ ಬಾತಿರುತ್ತದೆ. ಓಡುವಾಗ ಎದೆ ನೋವು ಬಂದಿದ್ದರೆ, ಎಚ್ಚರ ತಪ್ಪಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಮೊದಲು ವೈದ್ಯರಿಂದ ಹೃದಯ ತಪಾಸಣೆ ಆಗಲಿ. ಹೆಣ್ಣುಮಕ್ಕಳು ರಕ್ತಹೀನತೆಯ ಪರೀಕ್ಷೆಯನ್ನು ಎರಡು ಮೂರು ತಿಂಗಳು ಮೊದಲೇ ಮಾಡಿಸಬೇಕು. ಒಂದು ವಾರದ ಗುಳಿಗೆಯಿಂದ ರಕ್ತ ತುಂಬುವುದಿಲ್ಲ. ದಮ್ಮು ಹೆಚ್ಚುತ್ತದೆಂದು ಯಾರಾದರೂ ಕೊಡುವ ಇಂಜೆಕ್ಷನ್, ಪುಡಿ, ನೋವಿನ ಗುಳಿಗೆಗಳನ್ನು ಮುಟ್ಟಲೇಬೇಡಿ.

ಬಿಸಿಲಲ್ಲಿ ಓಡಿದವನು ತೊದಲಿದರೆ, ತೂರಾಡಿದರೆ, ಮೈ ಕೆಂಡದಂತೆ ಸುಟ್ಟರೆ, ಅದು ಬಿಸಿಲಿನ ಹೊಡೆತ. ನೆರಳಿಗೆ ಒಯ್ದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಇರಿ, 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಿರಿಯರಿಗೆ ಒಂದು ಮಾತು

2013ರಲ್ಲಿ ಬಾರಾಮತಿಯಲ್ಲಿ ಲತಾ ಕರೆ ಎಂಬ ಅರವತ್ತು ದಾಟಿದ ಕೂಲಿ ಹೆಣ್ಣುಮಗಳು ಸೀರೆ ಉಟ್ಟು, ಬರಿಗಾಲಲ್ಲಿ ಮೂರು ಕಿಲೋಮೀಟರ್ ಓಡಿ ಗೆದ್ದರು. ಗಂಡನ ತಪಾಸಣೆಗೆ ಹಣ ಬೇಕಾಗಿತ್ತು. ಅವರ ಕಥೆ ಮುಂದೆ ಮರಾಠಿ ಚಿತ್ರವೂ ಆಯಿತು. ಆ ಧೈರ್ಯಕ್ಕೆ ತಲೆಬಾಗೋಣ. ಆದರೆ ಬೆನ್ನ ಮೇಲೆ ಅಂಥ ಭಾರ ಹೊತ್ತು ಓಡುವ ಪ್ರಸಂಗವನ್ನು ನಮ್ಮ ಮಕ್ಕಳಿಗೆ ನಾವೇ ತರಬಾರದು.

"ಈ ಸಲ ಆಗಲೇಬೇಕು" ಎಂದು ಹೇಳಿ ಕಳಿಸುವ ಬದಲು "ಆರಾಮಾಗಿ ಓಡಿ ಬಾ ಮಗಾ, ಊಟಕ್ಕೆ ಕಾಯ್ತೀವಿ" ಎಂದು ಹೇಳಿ. ಭರತಿ ಮತ್ತೆ ಬರುತ್ತದೆ, ಓಟ ಮತ್ತೆ ನಡೆಯುತ್ತದೆ. ಮಗ, ಮಗಳು ಸುರಕ್ಷಿತವಾಗಿ ಮನೆಗೆ ಬಂದರೆ ಅದೇ ಮೊದಲ ಗೆಲುವು.