ಬೋವಿಯ ಮೊದಲ ಆಲ್ಬಂ ಯಾವುದು?

ಪ್ರಶ್ನೆ: ರಾಕ್ ಗಾಯಕ ಡೇವಿಡ್ ಬೋವಿಯ ಮೊದಲ ಆಲ್ಬಂ ‘ಸ್ಪೇಸ್ ಆಡಿಟಿ’ ಹಾಡು ಇರುವುದೇ ಅಲ್ಲವೇ?

ಉತ್ತರ: ಅಲ್ಲ, ಅದು ಎರಡನೆಯದು. ಮೊದಲನೆಯದು ‘ಡೇವಿಡ್ ಬೋವಿ’; ಅದು ಡೆರಾಮ್ ರೆಕಾರ್ಡ್ ಕಂಪನಿಯಿಂದ 1967ರ ಜೂನ್ 1ರಂದು ಲಂಡನ್ನಿನಲ್ಲಿ ಬಂತು. ಬೋವಿಗೆ ಆಗ ಇಪ್ಪತ್ತು ವರ್ಷ. ಗೊಂದಲಕ್ಕೂ ಕಾರಣವಿದೆ: 1969ರ ಎರಡನೇ ಆಲ್ಬಂ ಕೂಡ ಬ್ರಿಟನ್ನಿನಲ್ಲಿ ‘ಡೇವಿಡ್ ಬೋವಿ’ ಎಂಬ ಅದೇ ಹೆಸರಿನಲ್ಲೇ ಬಂದಿತ್ತು.

ಮೊದಲ ಆಲ್ಬಂನಲ್ಲಿ ರಾಕ್ ಹುಡುಕಿದರೆ ನಿರಾಸೆಯಾಗುತ್ತದೆ. ಟ್ಯೂಬಾ, ವಾಲ್ಟ್ಜ್ ಲಯ, ನಟ-ಗಾಯಕ ಆಂಥನಿ ನ್ಯೂಲಿಯ ಧಾಟಿ. ರಂಗಗೀತೆಗಳಿಗೇ ಹೆಚ್ಚು ಹತ್ತಿರ. ‘ಪ್ಲೀಸ್ ಮಿಸ್ಟರ್ ಗ್ರೇವ್‌ಡಿಗರ್’ನಲ್ಲಂತೂ ವಾದ್ಯವೇ ಇಲ್ಲ. ಮಳೆ, ಗುಡುಗು, ಗುದ್ದಲಿಯ ಸದ್ದಿನ ನಡುವೆ ಕೊಲೆಗಾರನೊಬ್ಬ ಸ್ಮಶಾನದಲ್ಲಿ ನಿಂತು ಹಾಡುತ್ತಾನೆ. ಪಾತ್ರದೊಳಗೆ ಹೊಕ್ಕು ಹಾಡುವ ಬೋವಿ, ಮುಂದೆ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರವೇ ಆದವನು, ನನಗೆ ಮೊದಲು ಕಾಣುವುದು ಇಲ್ಲೇ.

ಆಲ್ಬಂ ಮಾರಾಟವಾಗಲಿಲ್ಲ. ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಊರೆಲ್ಲ ಆವರಿಸಿದ್ದ ದಿನಗಳವು. 1968ರಲ್ಲಿ ಡೆರಾಮ್ ಬೋವಿಯನ್ನು ಕೈಬಿಟ್ಟಿತು. ಬೋವಿ ಮಾತ್ರ ಆ ಹಾಡುಗಳನ್ನು ಪೂರ್ತಿ ಮರೆಯಲಿಲ್ಲ. ಆ ಆಲ್ಬಂನಲ್ಲಿದ್ದ, ಟಿಬೆಟಿನ ಬೌದ್ಧ ಬದುಕಿನ ‘ಸಿಲ್ಲಿ ಬಾಯ್ ಬ್ಲೂ’ವನ್ನು 2000ದಲ್ಲಿ ‘ಟಾಯ್’ ಆಲ್ಬಂಗಾಗಿ ಮತ್ತೆ ಹಾಡಿದರು. ಕೇಳಲು ಶುರುಮಾಡುವುದಾದರೆ ಈ ಹಾಡಿನಿಂದಲೇ ಮಾಡಿ.