ಹಡಗು ಹೊಲಿಯಲು ಬರುತ್ತೀರಾ?

ಹಲಗೆಯ ಅಂಚಿಗೆ ಸಾಲಾಗಿ ತೂತು, ತೂತಿನೊಳಗೆ ತೆಂಗಿನ ನಾರಿನ ಹುರಿ, ಆ ಹುರಿಯ ಬಿಗಿತದಲ್ಲೇ ನಿಂತ ಇಡೀ ಹಡಗು! 2025ರ ಮೇ 21ರಂದು ಕಾರವಾರದ ನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ವನ್ನು ಕಟ್ಟಿದ್ದು ಹೀಗೆ. ಯುದ್ಧನೌಕೆಗಳು ಸಾಲುಗಟ್ಟಿ ನಿಲ್ಲುವ ಬಂದರಿನಲ್ಲಿ ಎಂಜಿನ್ನೇ ಇಲ್ಲದ ಮರದ ಹಡಗು! ಮುಂಬದಿಯಲ್ಲಿ ಸಿಂಹಯಾಳಿ, ಹರಪ್ಪ ಮಾದರಿಯ ಕಲ್ಲಿನ ಲಂಗರು, ಹಾಯಿಯ ಮೇಲೆ ನಮ್ಮದೇ ಗಂಡಭೇರುಂಡ!

ನಕ್ಷೆ ಎಲ್ಲಿತ್ತು ಅಂತೀರಾ? ಇರಲೇ ಇಲ್ಲ. ಇದ್ದದ್ದು ಅಜಂತಾ ಗುಹೆಯ ಗೋಡೆಯ ಮೇಲೆ 5ನೇ ಶತಮಾನದ ಒಂದು ಚಿತ್ರ. ಚಿತ್ರಕಾರನಿಗೆ ಹಡಗಿನ ಹೊರನೋಟ ಸಾಕು, ಬಡಗಿಗೆ ಸಾಲದು. ಗೋವಾದ ಹೋಡಿ ಇನ್ನೊವೇಶನ್ಸ್ ಎಂಬ ಕಂಪನಿಯಲ್ಲಿ ಸಾವಿರಾರು ಹೊಲಿಗೆ ಹಾಕಿ ಅದನ್ನು ನಿಜ ಮಾಡಿದ್ದು ಕೇರಳದ ಹಿರಿಯ ಕುಶಲಿ ಬಾಬು ಶಂಕರನ್ ಮತ್ತವರ ತಂಡ. ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದ್ದು ಐಐಟಿ ಮದ್ರಾಸ್. ಕೂವೆಕಂಬ ಗಾಳಿಗೆ ತಾಳೀತೇ ಎಂದು ಲೆಕ್ಕ ಹಾಕಿದ್ದು ನೌಕಾಪಡೆ. ಉಳಿ ಹಿಡಿದವರಿಗೂ ಕಂಪ್ಯೂಟರ್ ಹಿಡಿದವರಿಗೂ ಒಂದೇ ಹಡಗಿನಲ್ಲಿ ಕೆಲಸ!

ಇನ್ನೂ ದೊಡ್ಡ ಅಚ್ಚರಿ ಕೇಳಿ. ಹೊಲಿಗೆಯ ಹಡಗಿಗೆ ಮೊದಲು ಚರ್ಮ, ಆಮೇಲೆ ಮೂಳೆ! ಹೊರಮೈ ಹಲಗೆಗಳನ್ನು ಹೊಲಿದ ಮೇಲೆಯೇ ಒಳಗಿನ ಅಡ್ಡಮರಗಳು ಕೂರುವುದು. ಆವಿಯಲ್ಲಿ ಬೆಂದ ಹಲಗೆಯನ್ನು ಬಿಸಿ ಆರುವ ಮುನ್ನ ಬಗ್ಗಿಸಬೇಕು, ಸಂದಿಗೆ ನಾರು ಒತ್ತಿ ಹುರಿ ಜಗ್ಗಬೇಕು, ಮರದ ಅಂಟು ಮೆತ್ತಬೇಕು. ನೀರಿಗಿಳಿದರೆ ಮರ ಉಬ್ಬಿ ಸಂದಿಯನ್ನು ಇನ್ನಷ್ಟು ಮುಚ್ಚುತ್ತದೆ. ಮರಳುದಿಣ್ಣೆಗೆ ತಾಗಿದರೆ ಮೈ ಬಳುಕುತ್ತದೆ! 13ನೇ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ಕಬ್ಬಿಣದ ಮೊಳೆಯಿಲ್ಲದ ಕಳಪೆ ಮಾಲು ಎಂದು ಮೂಗು ಮುರಿದಿದ್ದ. ಮುರಿಯಲಿ ಬಿಡಿ. ಕೌಂಡಿನ್ಯ 2025ರ ಡಿಸೆಂಬರ್ 29ರಂದು ಪೋರಬಂದರ್ ಬಿಟ್ಟು, ಜನವರಿಯಲ್ಲಿ ಮಸ್ಕತ್ ಮುಟ್ಟಿತು, ಬರೀ ಗಾಳಿಯ ಬಲದಲ್ಲಿ!

ಹೊಸಬರು ಈ ಕೆಲಸಕ್ಕೆ ಸೇರುವುದು ಹೇಗೆ? ಹೊಲಿಗೆ ಅಪರೂಪವಾಯಿತು ನಿಜ. ಆದರೆ ಕೇರಳದ ಬೇಪೂರಿನಲ್ಲಿ ಉರು, ಕಚ್ಛದ ಮಾಂಡವಿಯಲ್ಲಿ ವಹಾಣ ಎಂಬ ಮರದ ಹಡಗುಗಳನ್ನು ಇವತ್ತಿಗೂ ಕೈಯಲ್ಲೇ ಕಟ್ಟುತ್ತಾರೆ. ಬೇಪೂರಿನ ಮುಖ್ಯ ಬಡಗಿ ಕಾಗದದ ನಕ್ಷೆ ನೆಚ್ಚುವವನಲ್ಲ, ಅಳತೆಯೆಲ್ಲ ತಲೆಯಲ್ಲೇ! ಹಾಗಾಗಿ ಪುಸ್ತಕ ಓದಿ ಕಲಿಯುವ ಮಾತೇ ಇಲ್ಲ. ಪಕ್ಕದಲ್ಲಿ ನಿಂತು ಉಳಿ ಮಸೆಯಬೇಕು, ಹಲಗೆ ಹೊರಬೇಕು, ಮರದ ಎಳೆ ಎತ್ತ ಓಡುತ್ತದೆ ಎಂದು ಬೆರಳಲ್ಲೇ ತಿಳಿಯಬೇಕು. ಹಡಗು ಕಟ್ಟಿಸುವವರು ಬಂದಾಗ ಕೆಲಸ, ಬಾರದಾಗ ಕಾಯುವಿಕೆ. ಇದನ್ನು ಮುಚ್ಚಿಟ್ಟು ಯಾರನ್ನೂ ಕರೆಯಬಾರದು. ಹಳೆಯ ದೋಣಿಗಳ ದುರಸ್ತಿ ಗೊತ್ತಿದ್ದರೆ ನಡುವಿನ ತಿಂಗಳುಗಳಿಗೆ ಆಸರೆಯಾದೀತು.

ಕರಾವಳಿಯ ಐಟಿಐಗಳಲ್ಲಿ ಬಡಗಿ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರೇ, ಬರುವ ರಜೆಯಲ್ಲಿ ಒಮ್ಮೆ ಬೇಪೂರಿಗೆ ಹೋಗಿ ಬನ್ನಿ. ಮಂಗಳೂರಿನಿಂದ ಕೋಯಿಕ್ಕೋಡಿಗೆ ರೈಲಿದೆ. ಬೇಪೂರು ಅಲ್ಲಿಂದ ಹತ್ತಿರ.