ಮುರಿದ ರೆಕ್ಕೆಯ ಮರುಹಾರಾಟ

ರಿಮೋಟ್‌ನಿಂದ ಹಾರಿಸುವ ಪುಟ್ಟ ವಿಮಾನ ನೆಲಕ್ಕೆ ಅಪ್ಪಳಿಸಿದರೆ ಬಲ್ಲವರು ಅಂಟಿಗೆ ಕೈಹಾಕುವುದಿಲ್ಲ, ಮೊದಲು ಚೂರುಗಳನ್ನು ಹುಡುಕುತ್ತಾರೆ. ಹುಲ್ಲಿನೊಳಗೆ ಸಿಡಿದ ಉಗುರಗಲದ ತುಂಡನ್ನೂ ಬಿಡುವುದಿಲ್ಲ. ಇಂಥ ವಿಮಾನ ಕಟ್ಟಲು ಬಳಸುವ ಹಗುರ ಬಾಲ್ಸಾ ಮರ ಎಳೆಯೆಳೆಯಾಗಿ ಸೀಳುತ್ತದೆ. ಹಾಗಾಗಿ ಮುರಿದ ಅಂಚುಗಳು ಒಂದರೊಳಗೊಂದು ಸರಿಯಾಗಿ ಕೂರುತ್ತವೆ.

ಈ ಮರ ಹೆಚ್ಚಾಗಿ ಬರುವುದು ಈಕ್ವೆಡಾರ್‌ನಿಂದ. ಘನ ಮೀಟರಿಗೆ ಸುಮಾರು 160 ಕೆ.ಜಿ. ಅಷ್ಟೆ, ತೇಗದ ಕಾಲು ಭಾಗದಷ್ಟು ತೂಕ. ದೂರದಿಂದ ವಿಮಾನ ಹಾರಿಸುವ ಈ ಹವ್ಯಾಸ ಹೊಸದಲ್ಲ: 1937ರಲ್ಲಿ ರೇಡಿಯೊ ನಿಯಂತ್ರಣದಲ್ಲಿ ಹಾರಿದ, ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ಅವರ ಮಾದರಿ ವಿಮಾನ ‘ಗಫ್’ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಈಗ ಥರ್ಮಾಕೋಲಿನಂಥ ಫೋಮ್ ವಿಮಾನಗಳು ಅಗ್ಗಕ್ಕೆ ಸಿಗುತ್ತವೆ, ನಿಜ. ಆದರೆ ಕಟ್ಟುವುದನ್ನು ಕಲಿಯಬೇಕೆಂದರೆ ಬಾಲ್ಸಾಕ್ಕೆ ಸಾಟಿಯಿಲ್ಲ. ನಮ್ಮ ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಗೂ ಏರೋಮಾಡೆಲಿಂಗ್ (ಮಾದರಿ ವಿಮಾನ ಕಟ್ಟುವ) ಪಾಠವಿದೆ.

ರೆಕ್ಕೆಯ ಉದ್ದಕ್ಕೂ ಹಾಯುವ ‘ಸ್ಪಾರ್’ ಎಂಬ ಪಟ್ಟಿಯೇ ಅದರ ಬೆನ್ನುಮೂಳೆ. ಅದು ಮುರಿದರೆ ತುದಿಗೆ ತುದಿ ಅಂಟಿಸಿದರೆ ಸಾಲದು. ಎರಡೂ ತುದಿಗಳನ್ನು ಉದ್ದಕ್ಕೆ ಓರೆಯಾಗಿ ಕೊಯ್ದು, ಒಂದರ ಮೇಲೊಂದು ಕೂರಿಸಿ, ಪಕ್ಕಕ್ಕೆ ತೆಳು ಪ್ಲೈವುಡ್ ಆಸರೆ ಕೊಡಬೇಕು. ರೆಕ್ಕೆಯನ್ನು ಚಪ್ಪಟೆ ಹಲಗೆಗೆ ಪಿನ್ನು ಚುಚ್ಚಿ ಬಿಗಿದ ಮೇಲೆಯೇ ಅಂಟು. ಕೂದಲೆಳೆ ಬಿರುಕಿಗೆ ಫೆವಿಕ್ವಿಕ್ ಜಾತಿಯ ತೆಳು ಅಂಟು ತಾನಾಗಿಯೇ ಇಳಿಯುತ್ತದೆ. ಮೋಟಾರಿನ ಎಳೆತ ಹೊರುವ ಮೂಗಿಗೆ ಮಾತ್ರ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಬೇಕು.

ಹೆಚ್ಚು ಅಂಟು ಹಾಕಿದಷ್ಟೂ ಗಟ್ಟಿ ಎಂಬ ನಂಬಿಕೆಯೇ ರಿಪೇರಿಯ ದೊಡ್ಡ ಶತ್ರು ಎಂದು ನಾನು ನಂಬುತ್ತೇನೆ. ಅದರಲ್ಲೂ ಬಾಲದ ಹತ್ತಿರ. ಸಮತೋಲದ ಬಿಂದುವಿನಿಂದ ಬಾಲ ಮೂಗಿಗಿಂತ ಮೂರು ಪಟ್ಟು ದೂರವಿದ್ದರೆ, ಬಾಲಕ್ಕೆ ಕೂಡಿದ 10 ಗ್ರಾಂ ಅಂಟಿಗೆ ಮೂಗಿನಲ್ಲಿ 30 ಗ್ರಾಂ ಸೀಸ ಇಡಬೇಕಾಗುತ್ತದೆ. ಸಾಮಾನ್ಯ ತರಬೇತಿ ವಿಮಾನದ ಈ ಸಮತೋಲದ ಬಿಂದು, ಅಂದರೆ ಗುರುತ್ವ ಕೇಂದ್ರ, ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಶೇ 25ರಿಂದ 33ರೊಳಗೆ ಬೀಳಬೇಕು. ಅದಕ್ಕಿಂತ ಹಿಂದೆ ಸರಿದರೆ ವಿಮಾನ ಮಾತು ಕೇಳುವುದಿಲ್ಲ. ಎರಡೂ ರೆಕ್ಕೆಗಳ ಕೆಳಗೆ ಆ ಜಾಗಕ್ಕೆ ಬೆರಳಿಟ್ಟು ಎತ್ತಿದರೆ ಅದು ಸಮವಾಗಿ ನಿಲ್ಲಬೇಕು.

ಮರದ ಗಾಯ ಕಣ್ಣಿಗೆ ಕಾಣುತ್ತದೆ, ವಿದ್ಯುತ್ ಭಾಗಗಳದ್ದು ಕಾಣುವುದಿಲ್ಲ. ರೆಕ್ಕೆ, ಬಾಲಗಳ ಫಲಕಗಳನ್ನು ಆಡಿಸುವ ಸರ್ವೊ ಮೋಟಾರಿನೊಳಗೆ ಗಿಯರಿನ ಒಂದು ಹಲ್ಲು ಮುರಿದಿರಬಹುದು. ಪೆಟ್ಟು ತಿಂದು ಉಬ್ಬಿದ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನಂತೂ ಮತ್ತೆ ಚಾರ್ಜ್ ಮಾಡಲೇಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ರಿಪೇರಿಯಾದ ರೆಕ್ಕೆಗೆ ಹೊದಿಸುವ ಬಣ್ಣದ ಫಿಲ್ಮನ್ನು ಇಸ್ತ್ರಿಯಿಂದ ಬಿಗಿ ಮಾಡುವಾಗ ರೆಕ್ಕೆ ತಿರುಚಿಕೊಳ್ಳದಂತೆ ನೋಡಿಕೊಳ್ಳಬೇಕು. ಹಾರಿಸುವ ಮುನ್ನ ಕೊನೆಯ ಪರೀಕ್ಷೆಯೊಂದಿದೆ: ವಿಮಾನದ ಹಿಂದೆ ನಿಂತು ರಿಮೋಟ್‌ನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಹಿಂದಂಚಿನ ಆಡುವ ಫಲಕ, ಅಂದರೆ ಏಲೆರಾನ್, ಮೇಲೇಳಬೇಕು. ಕೆಳಗಿಳಿದರೆ ಅದನ್ನು ಸರಿಪಡಿಸುವವರೆಗೆ ವಿಮಾನ ನೆಲ ಬಿಡಬಾರದು.